ಬೀಗದ ಕೈ ಮೋಡದ ಮೇಲಿತ್ತು

“ಎಳಿ. ಇನ್ನೂ ಸ್ವಲ್ಪ ಎಳಿ. ದಾರ ಬಿಗಿಯಾಗಿರ್ಬೇಕು, ಗೋಳ ಮಾತ್ರ ಉರುಳಬಾರದು,” ಎಂದು ಅಕ್ಕ ಅಪ್ಪಣೆ ಕೊಟ್ಟಳು.

ಅಡುಗೆಮನೆಯ ಮೇಜಿನ ಮೇಲೆ ನಾನು ಭೂಗೋಳವನ್ನು ಎರಡೂ ಕೈಯಿಂದ ತಬ್ಬಿ ಹಿಡಿದಿದ್ದೆ. ಗ್ರಂಥಾಲಯದಲ್ಲಿ ಪುಸ್ತಕ ಹೊಲಿದು ಬೈಂಡು ಮಾಡುವ ಬೈಂಡರಮ್ಮ ತಮ್ಮ ದಾರದ ಒಂದು ತುದಿಯನ್ನು ನಮ್ಮೂರಿನ ವಿಮಾನ ನಿಲ್ದಾಣದ ಮೇಲೂ ಇನ್ನೊಂದನ್ನು ಗೋಳದ ಆಚೆ ಮಗ್ಗುಲಿನ ನಿಲ್ದಾಣದ ಮೇಲೂ ಒತ್ತಿ ಹಿಡಿದಿದ್ದರು. ಅವರ ಮುಖಕ್ಕೂ ನನ್ನ ಮುಖಕ್ಕೂ ನಡುವೆ ಗೋಳದ ಮೇಲಿನ ಒಂದು ಸಾಗರದಷ್ಟೇ ಅಂತರ. ಈ ಕೆಲಸ ಬೇಗ ಮುಗಿಯಲಿ ಎಂಬ ಆತುರ ನನಗೇನೂ ಇರಲಿಲ್ಲ.

ಗುರುವಾರ ಸಂಜೆ ಆರಕ್ಕೆ ಬಾಗಿಲು ಹಾಕಿದ ಮೇಲೆ, ಒಂಬತ್ತಕ್ಕೆ ವಾಚ್‌ಮನ್ ಬರುವುದರೊಳಗೆ, ಊರಿನ ದೊಡ್ಡ ಡಾಕ್ಟರು ಕಟ್ಟಿಸಿದ ಗ್ರಂಥಾಲಯದ ಬೀರುವಿನಿಂದ ಒಂದು ಹಳೆಯ ಲಾಗ್ ಪುಸ್ತಕ ಮಾಯವಾಗಿತ್ತು. ಬೀರುವಿಗೆ ಇದ್ದದ್ದು ಎರಡೇ ಬೀಗದ ಕೈ. ಒಂದು ಬೈಂಡರಮ್ಮನ ಸೊಂಟದಲ್ಲಿ, ಇನ್ನೊಂದು ಆ ಹೊತ್ತಿನಲ್ಲಿ ಡಾಕ್ಟರ ಅಳಿಯನ ಜೇಬಿನಲ್ಲಿ, ಅಂದರೆ ಮೋಡದ ಮೇಲೆ, ವಿಮಾನದಲ್ಲಿ.

ಕಳ್ಳತನ ಬೈಂಡರಮ್ಮನ ಕುತ್ತಿಗೆಗೆ ಬಂದಿದ್ದು ಇಷ್ಟರಿಂದಲೇ. ಇನ್ನೊಂದು ಬೀಗದ ಕೈ ಆಕಾಶದಲ್ಲಿದ್ದರೆ ನೆಲದ ಮೇಲಿದ್ದದ್ದು ಅವರದೊಂದೇ. ನಾಳೆ ಸೋಮವಾರ ಹತ್ತು ಗಂಟೆಗೆ ಗ್ರಂಥಾಲಯದ ಸಮಿತಿ ಸೇರುತ್ತದೆ. ಅಷ್ಟರೊಳಗೆ ಬೇರೆ ದಾರಿ ಕಾಣದಿದ್ದರೆ ಇಪ್ಪತ್ತೆರಡು ವರ್ಷದ ಕೆಲಸವೂ ಹೋಗುತ್ತದೆ, ಕಳ್ಳಿ ಎಂಬ ಹೆಸರೂ ಅಂಟುತ್ತದೆ.

“ಒಂಬತ್ತು ಸಾವಿರದ ಮುನ್ನೂರ ಐವತ್ತು ಕಿಲೋಮೀಟರ್,” ಎಂದಳು ಅಕ್ಕ, ದಾರವನ್ನು ಸ್ಕೇಲಿನ ಮೇಲೆ ಮಲಗಿಸಿ. “ಸರಿಯಾಗೇ ಇದೆ. ಅಳಿಯ ಕೊಟ್ಟ ಕಾಗದದಲ್ಲೂ ಇಷ್ಟೇ ಇದೆ.”

ಆ ಕಾಗದ ಇಂಟರ್‌ನೆಟ್ಟಿನಿಂದ ತೆಗೆದದ್ದು. ಎರಡು ನಿಲ್ದಾಣಗಳ ಹೆಸರು ಕೊಟ್ಟರೆ ನಡುವಿನ ದೂರ, ಹಾರಾಟದ ಸಮಯ ಎಲ್ಲವನ್ನೂ ತಟಕ್ಕನೆ ಹೇಳುವ ಪುಟ. ಅಳಿಯಂದಿರು ಅದನ್ನು ಟಿಕೇಟಿನ ಜೊತೆ ಪಿನ್ನು ಮಾಡಿ ಸಮಿತಿಗೆ ಕೊಟ್ಟಿದ್ದರು. ಟಿಕೇಟಿನ ಪ್ರಕಾರ ಪ್ರಯಾಣ ಹನ್ನೊಂದೂಕಾಲು ಗಂಟೆ, ವಿಮಾನ ಇಳಿಯುವುದು ರಾತ್ರಿ ಎಂಟು ನಲವತ್ತಕ್ಕೆ. ನಿಲ್ದಾಣದಿಂದ ಗ್ರಂಥಾಲಯಕ್ಕೆ ಕಾರಿನಲ್ಲಿ ಮುಕ್ಕಾಲು ಗಂಟೆ. ಒಂಬತ್ತಕ್ಕೆ ವಾಚ್‌ಮನ್ ಬಂದು ಹಿಂಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕೂತರೆ ಬೆಳಗ್ಗೆವರೆಗೆ ಏಳುವ ಆಸಾಮಿಯಲ್ಲ. ಅಂದಮೇಲೆ ಅಳಿಯಂದಿರಿಗೆ ಅವಕಾಶವೇ ಇಲ್ಲ.

“ಇದನ್ನ ಬರೆದೋನು ದೂರಾನ ವೇಗದಿಂದ ಭಾಗಿಸಿ ಕೈ ತೊಳ್ಕೊಂಡಿದಾನೆ,” ಎಂದು ಅಕ್ಕ ಮೂಗು ಮುರಿದಳು. “ಮೇಲೆ ಗಾಳಿ ಅಂತ ಒಂದಿದೆ ಅನ್ನೋದೇ ಅವನಿಗೆ ಗೊತ್ತಿಲ್ಲ.”

ನನ್ನ ಅಕ್ಕನಿಗೆ ಗೊತ್ತು. ವಿಮಾನ ಹೊರಡುವ ಮೊದಲು ಅದು ಯಾವ ದಾರಿಯಲ್ಲಿ, ಎಷ್ಟು ಎತ್ತರದಲ್ಲಿ, ಎಷ್ಟು ಎಣ್ಣೆ ತುಂಬಿಕೊಂಡು ಹೋಗಬೇಕು ಎಂದು ಲೆಕ್ಕ ಹಾಕಿ ಕೊಡುವ ಕೋಣೆಯಲ್ಲಿ ಮೂವತ್ತನಾಲ್ಕು ವರ್ಷ ಕೂತವಳು. ನಿವೃತ್ತಿಯಾಗಿ ಆರು ವರ್ಷವಾದರೂ ಬೆಳಗ್ಗೆ ಮುಖ ತೊಳೆಯುವ ಮೊದಲೇ ಮೇಲಿನ ಗಾಳಿಯ ನಕ್ಷೆ ತೆರೆದು ನೋಡಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುವ ಚಾಳಿ ಬಿಟ್ಟಿಲ್ಲ. ಆ ಗಾಳಿಯಿಂದ ನಮ್ಮ ಮನೆಗೆ ಆಗಬೇಕಾದ್ದು ಏನೂ ಇಲ್ಲ. ನಾನು ಎಷ್ಟೋ ಸಲ ಕಾಲೆಳೆದಿದ್ದೇನೆ.

ಅವಳು ಗುರುವಾರದ ಹಾಳೆ ತೆಗೆದಳು.

“ನೋಡಿ ಬೈಂಡರಮ್ಮ. ಆವತ್ತು ಆ ದಾರೀಲಿ ಹಿಂದಿನಿಂದ ನೂಕ್ತಿದ್ದ ಗಾಳಿ ಗಂಟೆಗೆ ನೂರಾ ಇಪ್ಪತ್ತು ಕಿಲೋಮೀಟರ್. ವಿಮಾನದ ವೇಗಕ್ಕೆ ಇದನ್ನ ಕೂಡಿಸಿ. ಹತ್ತೋದಕ್ಕೆ ಇಳಿಯೋದಕ್ಕೆ ಇಪ್ಪತ್ತು ನಿಮಿಷ ಹಾಕಿ. ಎಷ್ಟಾಯ್ತು? ಹತ್ತು ಗಂಟೆ. ಹನ್ನೊಂದೂಕಾಲಲ್ಲ.”

“ಅಂದ್ರೆ?” ಎಂದರು ಬೈಂಡರಮ್ಮ. ಅವರ ಬೆರಳು ಇನ್ನೂ ಗೋಳದ ಮೇಲೇ ಇತ್ತು.

“ಅಂದ್ರೆ ವಿಮಾನ ಇಳಿದಿದ್ದು ಏಳು ಇಪ್ಪತ್ತೈದಕ್ಕೆ. ಏಳು ಐವತ್ತೈದಕ್ಕೆ ಆತ ಹೊರಗೆ. ಎಂಟು ನಲವತ್ತಕ್ಕೆ ನಿಮ್ಮ ಗ್ರಂಥಾಲಯದಲ್ಲಿ. ವಾಚ್‌ಮನ್ ಬರೋದಕ್ಕೆ ಇನ್ನೂ ಇಪ್ಪತ್ತು ನಿಮಿಷ. ಬೀರು ತೆಗೆಯೋದಕ್ಕೆ ಎರಡು ನಿಮಿಷ ಸಾಕು.”

ಬೈಂಡರಮ್ಮ ಕಣ್ಣು ತುಂಬಿ ಬಂದದ್ದನ್ನು ಮರೆಮಾಚಲು ಎದ್ದು ಹೋಗಿ ಬ್ರೆಡ್ಡು ಕತ್ತರಿಸತೊಡಗಿದರು. ಒಂದೇ ದಪ್ಪದ ಹೋಳುಗಳು, ಪುಸ್ತಕದ ಅಂಚು ಕತ್ತರಿಸಿದ ಹಾಗೆ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಮೇಜಿನ ಮೇಲೆ ಬಿದ್ದಿತ್ತು, ಕೆಟಲು ಕುದಿಯುತ್ತಿತ್ತು, ಅಕ್ಕ ಗೆದ್ದ ಸಂತೋಷಕ್ಕೆ ಸಿಳ್ಳೆ ಹಾಕುತ್ತಿದ್ದಳು. ಬೈಂಡರಮ್ಮ ನಮ್ಮ ಮಹಡಿಯ ಮೇಲಿನ ಕೋಣೆಗೆ ಬಾಡಿಗೆಗೆ ಬಂದು ನಾಲ್ಕು ವರ್ಷವಾಯಿತು. ಈ ನಾಲ್ಕು ವರ್ಷದಲ್ಲಿ ಒಂದು ದಿನವೂ ಬಾಯಿಬಿಟ್ಟು ಹೇಳದಿದ್ದ ಮಾತೊಂದು ನನ್ನಲ್ಲಿದೆ. ಇಲ್ಲಿ ಹೇಳಿಬಿಡುತ್ತೇನೆ: ಆಕೆಯನ್ನು ಕಂಡರೆ ನನಗೆ ಪ್ರಾಣ. ನನಗೆ ಐವತ್ತೆಂಟು, ಅವರಿಗೆ ಐವತ್ತೊಂದು, ಇಬ್ಬರಿಗೂ ಓದುವ ಕನ್ನಡಕ. ಆದರೂ ಪ್ರಾಣ.

ಆದರೆ ಲೆಕ್ಕದಲ್ಲಿ ನನಗೊಂದು ಕಡೆ ಮುಳ್ಳು ಚುಚ್ಚಿತು. ನಾನು ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವನು.

“ಅಕ್ಕ, ಒಂದ್ಮಾತು. ಬಸ್ಸು ಬೇಗ ಬಂದ್ಬಿಟ್ರೆ ಸ್ಟ್ಯಾಂಡಲ್ಲಿ...”

“ಇದು ಬಸ್ಸಲ್ಲ ಕಣೋ,” ಎಂದಳು ಅಕ್ಕ. “ಸ್ವೆಟರ್ ಹಾಕ್ಕೊ. ಅಳಿಯನ ಮನೆಗೆ ಹೋಗೋಣ.”

ನಾನು ಬಾಯಿ ಮುಚ್ಚಿಕೊಂಡು ಸ್ವೆಟರ್ ಹಾಕಿಕೊಂಡೆ.

*

ಡಾಕ್ಟರ ಮನೆಯ ಬಾಗಿಲು ತೆಗೆದವಳು ಅವರ ಮಗಳು. ಎರಡು ಜಡೆ ಹಾಕಿಕೊಂಡು ನನ್ನ ಬಸ್ಸಿನಲ್ಲೇ ಶಾಲೆಗೆ ಹೋಗುತ್ತಿದ್ದ ಹುಡುಗಿ, ಈಗ ನಲವತ್ತರ ಹೆಂಗಸು. ಈ ಕೆಲಸಕ್ಕೆ ನಮ್ಮನ್ನು ಕರೆದವಳೂ ಅವಳೇ. ಒಂದು ವಾರ ದೊಡ್ಡಮ್ಮನ ಊರಿನಲ್ಲಿದ್ದು ಗುರುವಾರ ರಾತ್ರಿ ತಾನೇ ವಾಪಸು ಬಂದಿದ್ದಳಂತೆ. ಶುಕ್ರವಾರ ಮಧ್ಯಾಹ್ನ ನಮ್ಮ ಮನೆಗೆ ಬಂದು, ‘ಬೈಂಡರಮ್ಮ ನನಗೆ ಅಕ್ಕ ಇದ್ದ ಹಾಗೆ, ಹೇಗಾದ್ರೂ ಮಾಡಿ ಸತ್ಯ ಹುಡುಕಿ ಆಂಟಿ’ ಎಂದು ನನ್ನ ಅಕ್ಕನ ಕೈ ಹಿಡಿದುಕೊಂಡಿದ್ದಳು. ಕಳ್ಳತನದ ನೆರಳು ಸ್ವಂತ ಗಂಡನ ಕಡೆಗೆ ತಿರುಗಬಹುದು ಎಂದು ಗೊತ್ತಿದ್ದೂ ಕರೆದಳಲ್ಲ ಎಂದು ನನಗೆ ಅವಳ ಮೇಲೆ ಗೌರವ ಹೆಚ್ಚಾಗಿತ್ತು.

ನಡುಮನೆಯ ಗೋಡೆಯಲ್ಲಿ ಅವಳ ಅಜ್ಜನ ಫೋಟೋ. ಚರ್ಮದ ಟೋಪಿ, ಕಣ್ಣಿಗೆ ದಪ್ಪ ಗಾಜು. ಈ ಎರಡು ನಿಲ್ದಾಣಗಳ ನಡುವೆ ಮೊಟ್ಟಮೊದಲು ಹಾರಿದ ಪುಣ್ಯಾತ್ಮ ಅವರೇ. ಒಂಬತ್ತು ಕಡೆ ಇಳಿದು ಹತ್ತಿ, ಆರು ದಿನ ತಗೊಂಡು ಬಂದು ಮುಟ್ಟಿದ್ದರು. ಯಾವ ಹಂತಕ್ಕೆ ಎಷ್ಟು ದೂರ, ಎಷ್ಟು ಗಂಟೆ, ಎದುರುಗಾಳಿ ಎಷ್ಟು ಕಾಡಿತು ಎಂದೆಲ್ಲ ಪೆನ್ಸಿಲಿನಲ್ಲಿ ಬರೆದಿಟ್ಟ, ಈಗ ಲಕ್ಷಗಟ್ಟಲೆ ಬೆಲೆಬಾಳುವ ಲಾಗ್ ಪುಸ್ತಕವೇ ಈಗ ಕಾಣೆಯಾಗಿರುವುದು. ಬೆನ್ನು ಕಿತ್ತುಹೋಗಿತ್ತು ಎಂದು ಹೊಲಿಯಲು ಬೈಂಡರಮ್ಮನಿಗೆ ಕೊಟ್ಟಿದ್ದರು, ಅವರು ಹೊಲಿದು ಬೀರುವಿನಲ್ಲಿಟ್ಟಿದ್ದರು.

ಅಳಿಯಂದಿರು ಸೇಬಿನ ಸಿಪ್ಪೆ ತೆಗೆಯುತ್ತಾ ಕೂತಿದ್ದರು. ಆಸ್ಪತ್ರೆಗಳಿಗೆ ಮಂಚ ಮಾರುವ ವ್ಯಾಪಾರ ಅವರದು. ಊರೂರು ತಿರುಗುವ ಕೆಲಸ, ಎಲ್ಲರ ಜೊತೆ ನಗುವ ಬಾಯಿ.

“ಬನ್ನಿ ಬನ್ನಿ, ಕೂತ್ಕೊಳ್ಳಿ. ಸೇಬು?”

“ಬೇಡ,” ಎಂದಳು ಅಕ್ಕ. “ಗುರುವಾರ ನಿಮ್ಮ ವಿಮಾನ ಎಷ್ಟು ಗಂಟೆಗೆ ಇಳೀತು?”

“ಟಿಕೇಟಲ್ಲಿ ಇದೆಯಲ್ಲ. ಎಂಟು ನಲವತ್ತು.”

“ನಾನು ಟಿಕೇಟು ಕೇಳ್ಲಿಲ್ಲ.”

ಚಹಾದ ತಟ್ಟೆ ಹಿಡಿದು ಬಂದ ಡಾಕ್ಟರ ಮಗಳು ಬಾಗಿಲಲ್ಲೇ ನಿಂತಳು. ಅಕ್ಕ ತನ್ನ ನೋಟ್‌ಬುಕ್ಕು ತೆರೆದು ದೂರ, ವೇಗ, ಹಿಂದಿನ ಗಾಳಿ, ಎಲ್ಲವನ್ನೂ ಒಂದೊಂದಾಗಿ ಮುಂದಿಟ್ಟಳು. ಲೆಕ್ಕ ಹೇಳುವಾಗ ಅಕ್ಕನ ದನಿ ಮೆತ್ತಗಾಗುತ್ತದೆ. ಚಿಕ್ಕಂದಿನಲ್ಲಿ ನನಗೆ ಮಗ್ಗಿ ಕಲಿಸುವಾಗಲೂ ಹೀಗೇ ಮೆತ್ತಗೆ ಶುರುಮಾಡಿ ಕೊನೆಗೆ ಕಿವಿ ಹಿಂಡುತ್ತಿದ್ದಳು.

“ನೀವು ಇಳಿದದ್ದು ಏಳು ಇಪ್ಪತ್ತೈದಕ್ಕೆ,” ಎಂದು ಮುಗಿಸಿದಳು.

ಮೇಜಿನ ಮೇಲೆ ಚಾಕು ಇಟ್ಟ ಸದ್ದಾಯಿತು. ಅಳಿಯಂದಿರು ಅಕ್ಕನನ್ನೇ ನೋಡಿದರು. ಡಾಕ್ಟರ ಮಗಳು ತಟ್ಟೆಯನ್ನು ನನ್ನ ಪಕ್ಕದ ಸ್ಟೂಲಿನ ಮೇಲಿಟ್ಟು, “ನೀವು ಮಾತಾಡ್ತಿರಿ ಆಂಟಿ. ನಾನು ಹೋಗಿ ಬೈಂಡರಮ್ಮನ್ನ ಮಾತಾಡಿಸ್ಕೊಂಡು ಬರ್ತೀನಿ. ಒಬ್ರೇ ಇರ್ತಾರೆ, ಪಾಪ,” ಎಂದು ಹೊರಟಳು. ಕಾರು ಹೋದ ಸದ್ದು ಕೇಳಿತು. ಗಂಡನನ್ನು ಪ್ರಶ್ನೆ ಮಾಡುವುದನ್ನು ನೋಡಲಾರದೆ ಹೋದಳು ಎಂದುಕೊಂಡು ನನಗೆ ಅಯ್ಯೋ ಅನಿಸಿತು.

ಅಷ್ಟರಲ್ಲಿ ಅಳಿಯಂದಿರು ಚಪ್ಪಾಳೆ ತಟ್ಟಿದರು! ಕುಹಕವಲ್ಲ, ಮನಸಾರೆ.

“ಏಳು ಇಪ್ಪತ್ತೈದು! ನಿಮಿಷದ ಸಮೇತ ಹೇಳಿದ್ರಲ್ಲ! ಇದಕ್ಕೇ ನನ್ನ ಹೆಂಡ್ತಿ ನಿಮ್ಮನ್ನೇ ಕರೀಬೇಕು ಅಂದಿದ್ದು.”

“ಒಪ್ಕೋತೀರಾ?”

“ಇಳಿದಿದ್ದು ನಿಜ, ಒಪ್ದೆ ಏನು? ಆದ್ರೆ ಚಕ್ರ ಇಳೀತು, ನಾವು ಇಳೀಲಿಲ್ಲ.”

“ಅಂದ್ರೆ?”

“ಅಷ್ಟು ಬೇಗ ಬಂದ್ರೆ ಜಾಗ ಯಾರು ಕೊಡ್ತಾರೆ ಅಮ್ಮಾ? ನಮ್ಮ ವಿಮಾನ ನಿಲ್ಲೋ ಜಾಗದಲ್ಲಿ ಇನ್ನೊಂದು ನಿಂತಿತ್ತು. ಅದು ಹೊರಡೋ ತನಕ ಮೈದಾನದ ಮೂಲೇಲಿ ನಮ್ಮನ್ನ ಕೂಡಿಹಾಕಿದ್ರು. ಒಂದು ಗಂಟೆ ಮೇಲೆ! ಪೈಲಟ್ಟು ಮೂರು ಸಲ ಕ್ಷಮೆ ಕೇಳ್ದ. ಮಕ್ಳು ಅತ್ತೂ ಅತ್ತೂ ಸುಸ್ತಾದ್ವು. ಬಾಗ್ಲು ತೆಗೆದಾಗ ಎಂಟು ಮೂವತ್ತೈದು.”

ಫೋನು ತೆಗೆದು ಒಂದು ಫೋಟೋ ತೋರಿಸಿದರು. ವಿಮಾನದ ಕಿಟಕಿ, ಆಚೆ ಹಳದಿ ದೀಪಗಳ ಕೆಳಗೆ ಇನ್ನೊಂದು ವಿಮಾನದ ಬಾಲ. ಸಮಯ ಎಂಟು ಹತ್ತು. ಜೊತೆಗೆ ಹತ್ತುವಾಗ ಕೊಟ್ಟ ಚೀಟಿಯ ತುಂಡನ್ನೂ ಮೇಜಿನ ಮೇಲಿಟ್ಟರು. ಸೀಟು ಇಪ್ಪತ್ತಮೂರು ಎ, ಕಿಟಕಿ ಪಕ್ಕ.

ಅಕ್ಕನ ಕಿವಿಯ ತುದಿ ಕೆಂಪಾಯಿತು. ನಾನು ನೆಲ ನೋಡಿದೆ. ಬಸ್ಸು ಬೇಗ ಬಂದರೆ ಸ್ಟ್ಯಾಂಡಿನಲ್ಲಿ ಜಾಗ ಖಾಲಿ ಇರುವುದಿಲ್ಲ, ಮುಂದಿನ ಬಸ್ಸು ಕದಲುವ ತನಕ ಗೇಟಿನ ಹೊರಗೇ ನಿಂತು ಪ್ಯಾಸೆಂಜರುಗಳ ಬೈಗುಳ ತಿನ್ನಬೇಕು. ನಾನು ಹೇಳಲು ಹೊರಟಿದ್ದೂ ಅದನ್ನೇ.

“ಆ ಒಂದು ಗಂಟೆ ಕೀ ಎಲ್ಲಿತ್ತು?” ಎಂದು ಅಕ್ಕ ಕೇಳಿದಳು. ಸೋತರೂ ಕೇಳುವುದನ್ನು ಬಿಡುವವಳಲ್ಲ.

“ನನ್ನ ಜೇಬಲ್ಲಿ. ಇನ್ನೆಲ್ಲಿ?”

“ಜೊತೇಲಿ ಯಾರಿದ್ರು?” ಎಂದೆ ನಾನು.

“ಯಾರೂ ಇಲ್ಲ. ಒಬ್ನೇ. ಪಕ್ಕದ ಸೀಟು ಖಾಲಿ, ಕಾಲು ಚಾಚಿ ಮಲಗಿದ್ದೇ ಮಲಗಿದ್ದು.” ಅವರು ಸೇಬಿನ ಹೋಳೊಂದನ್ನು ಬಾಯಿಗೆ ಹಾಕಿಕೊಂಡರು. “ಅಮ್ಮಾ, ಒಂದು ಉಪಕಾರ ಮಾಡಿ. ನಿಮ್ಮ ಈ ಲೆಕ್ಕಾನ, ವಿಮಾನ ಕಾದಿದ್ದನ್ನೂ ಸೇರಿಸಿ, ಒಂದು ಹಾಳೇಲಿ ಬರೆದು ಸಮಿತಿಗೆ ಕೊಟ್ಬಿಡಿ. ನಾನು ಹೇಳಿದ್ರೆ ಅಳಿಯ ತನ್ನ ಪರವಾಗಿ ಹೇಳ್ಕೋತಾನೆ ಅಂತಾರೆ. ನಿಮ್ಮ ಮಾತಿಗೆ ಊರಲ್ಲಿ ಬೆಲೆ ಇದೆ.”

“ಯೋಚಿಸ್ತೀನಿ,” ಎಂದಳು ಅಕ್ಕ, ಚಹಾ ಮುಟ್ಟದೆ ಎದ್ದು.

*

ಭಾನುವಾರದ ಬಸ್ಸು. ಒಂದಕ್ಕೆ ಕಾದು ಹತ್ತಿ, ಇಳಿದು, ಇನ್ನೊಂದಕ್ಕೆ ಕಾಯಬೇಕು. ಎರಡನೆಯದರಲ್ಲಿ ಸೀಟು ಸಿಕ್ಕಿದ ಮೇಲೆ ಅಕ್ಕ ಮಾತಾಡಿದಳು.

“ಚಕ್ರ ನೆಲ ಮುಟ್ಟಿದ್ರೆ ನನ್ನ ಕೆಲಸ ಮುಗೀತಿತ್ತು ಕಣೋ. ಮೂವತ್ತನಾಲ್ಕು ವರ್ಷ. ಆಮೇಲೆ ಅವರು ಎಲ್ಲಿ ನಿಂತ್ರು, ಎಷ್ಟೊತ್ತು ನಿಂತ್ರು ಅಂತ ಒಂದಿನಾನೂ ಯೋಚ್ನೆ ಮಾಡಿಲ್ಲ. ಅದು ಬೇರೆಯವರ ಟೇಬಲ್ಲು.”

“ಹೋಗ್ಲಿ ಬಿಡು.”

“ನೀನು ಬಸ್ಸು ಅಂದಾಗ ಕೇಳ್ಬೇಕಿತ್ತು.”

ಅಕ್ಕ ಹೀಗೆ ಒಪ್ಪಿಕೊಂಡದ್ದು ನನ್ನ ಐವತ್ತೆಂಟು ವರ್ಷದಲ್ಲಿ ಇದೇ ಮೊದಲು. ಬೈಂಡರಮ್ಮನ ಬದುಕು ಬೀದಿಗೆ ಬೀಳುವ ಹೊತ್ತಿನಲ್ಲೂ ನನಗೆ ಒಳಗೊಳಗೇ ಖುಷಿಯಾಯಿತು. ಆ ಖುಷಿಗೆ ಆಮೇಲೆ ನಾಚಿಕೆಯೂ ಆಯಿತು. ಕಿಟಕಿಯಿಂದ ತಂಗಾಳಿ ಬರುತ್ತಿತ್ತು, ಮುಂದಿನ ಸೀಟಿನ ಮಗುವೊಂದು ನನ್ನ ಮೀಸೆ ನೋಡಿ ನಗುತ್ತಿತ್ತು, ಅಕ್ಕ ನನ್ನ ಹೆಗಲಿಗೆ ಒರಗಿ ಕೂತಿದ್ದಳು. ಕಷ್ಟದ ದಿನದಲ್ಲೂ ಮನುಷ್ಯನಿಗೆ ಇಂಥ ಹತ್ತು ನಿಮಿಷ ಸಿಗುತ್ತದೆ.

ಆದರೆ ಕಷ್ಟ ಕಷ್ಟವೇ. ಅಳಿಯಂದಿರು ಹೇಳಿದ್ದು ನಿಜವಾದರೆ ಅವರ ಬೀಗದ ಕೈ ಎಂಟು ಮೂವತ್ತೈದರ ತನಕ ಬಾಗಿಲು ಮುಚ್ಚಿದ ವಿಮಾನದೊಳಗೇ ಇತ್ತು. ಉಳಿದದ್ದು ಬೈಂಡರಮ್ಮನದು. ಅವರನ್ನು ಉಳಿಸಲು ಹೋಗಿ ನಾವೇ ಕೊನೆಯ ಕಿಂಡಿಯನ್ನೂ ಮುಚ್ಚಿ ಬಂದಿದ್ದೆವು.

ಮನೆ ತಲುಪಿದಾಗ ಸಂಜೆ ಐದೂವರೆ. ಮೇಲಿನ ಕೋಣೆಯಲ್ಲಿ ಬೈಂಡರಮ್ಮ ಓಡಾಡುವ ಹೆಜ್ಜೆ ಕೇಳಿಸುತ್ತಿತ್ತು. ಹೋಗಿ ಅವರಿಗೆ ಏನು ಹೇಳುವುದು? ಅಕ್ಕ ಚಪ್ಪಲಿ ಕೂಡ ಬಿಡದೆ ಫೋನು ಹಿಡಿದು ಕೂತಳು.

“ಯಾರಿಗೆ?”

“ಗೂಟಕ್ಕೆ.”

ಗೂಟ ಎಂದರೆ ಅಕ್ಕನ ಹಳೆಯ ಸಹೋದ್ಯೋಗಿ. ಬಂದ ವಿಮಾನ ಯಾವ ಜಾಗದಲ್ಲಿ ನಿಲ್ಲಬೇಕು ಎಂದು ಗೊತ್ತುಮಾಡುವುದು ಆತನ ಕೆಲಸ. ಹಸು ಕಟ್ಟುವ ಕೆಲಸ ಎಂದು ಅಕ್ಕನೇ ಇಟ್ಟ ಅಡ್ಡಹೆಸರು, ಆತನ ಹೆಂಡತಿಯೂ ಈಗ ಹಾಗೇ ಕರೆಯುತ್ತಾಳೆ. ಅಕ್ಕ ಸ್ಪೀಕರ್ ಹಾಕಿದಳು.

“ಗುರುವಾರ ರಾತ್ರಿಯ ಆ ದೂರದ ವಿಮಾನಾನಾ?” ಎಂದ ಗೂಟ. “ಅಯ್ಯೋ, ಅದರ ಹೆಸರು ಎತ್ಬೇಡಿ ಮೇಡಂ. ಏಳು ಇಪ್ಪತ್ತೈದಕ್ಕೇ ಬಂದು ಇಳೀತು. ಜಾಗ ಎಲ್ಲಿಂದ ತರ್ಲಿ? ಮೂಲೆಗೆ ಹಾಕಿಸ್ದೆ. ಬಾಗ್ಲು ತೆಗೆದಿದ್ದು ಎಂಟು ಮೂವತ್ತೈದಕ್ಕೆ. ಎಲ್ಲ ಬರೆದಿಟ್ಟಿದೀನಿ.”

ಅಕ್ಕ ಕಣ್ಣು ಮುಚ್ಚಿಕೊಂಡಳು. ಅಳಿಯಂದಿರು ಹೇಳಿದ್ದು ನಿಮಿಷ ಸಮೇತ ನಿಜ.

“ಸರಿ ಕಣಪ್ಪ. ಇಡ್ತೀನಿ.”

“ಇರಿ ಮೇಡಂ. ಪೂರ್ತಿ ಕೇಳಿ. ನನ್ನ ಕರ್ಮ ಅಲ್ಲಿಗೇ ಮುಗೀಲಿಲ್ಲ. ಏಳು ಮೂವತ್ತೈದಕ್ಕೆ ಒಳಗಿಂದ ಫೋನು, ಒಬ್ಬ ಹೆಂಗಸಿಗೆ ಎದೆನೋವು ಅಂತ. ಏಣಿ ಗಾಡಿ, ಆಂಬುಲೆನ್ಸು, ಪಾಸ್‌ಪೋರ್ಟ್ ನೋಡೋನು, ಎಲ್ರನ್ನೂ ಓಡಿಸ್ದೆ. ಹಿಂಬಾಗ್ಲು ತೆಗೆದು ಆಯಮ್ಮನ್ನ ಇಳಿಸ್ಕೊಂಡ್ವಿ. ನಿಲ್ದಾಣದ ಡಾಕ್ಟರ ಕೋಣೇಗೆ ಹೋಗಿ ಕೂತ್ಕೊಂಡ್ಲು, ನೀರು ಕುಡಿದ್ಲು, ಈಗ ಆರಾಮಾಗಿದೀನಿ ಅಂತ ಎದ್ದು ನಡೆದೇಬಿಟ್ಲು! ಏಳು ಐವತ್ತೈದಕ್ಕೆ ಟ್ಯಾಕ್ಸಿ ಹತ್ತಿದ್ದನ್ನ ನಮ್ಮ ಡ್ರೈವರು ನೋಡಿದಾನೆ.”

ಅಕ್ಕ ಕಣ್ಣು ಬಿಟ್ಟಳು. “ಹೆಸರೇನು?”

“ಹೆಸರು ಹೇಳೋ ಹಾಗಿಲ್ಲ, ನಿಮಗೇ ಗೊತ್ತಲ್ಲ.”

“ಹೇಳ್ಬೇಡ. ಜೊತೆಗೆ ಯಾರಾದ್ರೂ ಇಳಿದ್ರಾ?”

“ಗಂಡ ಬರ್ತೀನಿ ಅಂದನಂತೆ. ಬೇಡ, ನೀವು ಸಾಮಾನು ತಗೊಂಡು ಆಮೇಲೆ ಬನ್ನಿ ಅಂದ್ಲಂತೆ. ಗಗನಸಖಿ ಚೀಟೀಲಿ ಬರೆದಿದಾಳೆ ನೋಡಿ, ‘ಜೊತೆಗಿದ್ದವರು ಗಂಡ, ಸೀಟು ಇಪ್ಪತ್ತಮೂರು ಎ’ ಅಂತ.”

ಸೀಟು ನಂಬರು ಮರೆಯುವವನು ಕಂಡಕ್ಟರೇ ಅಲ್ಲ. ನಾನು ಮೇಜು ಹಿಡಿದುಕೊಂಡೆ.

“ಅಕ್ಕ! ಆ ಚೀಟಿ! ಸೇಬಿನ ತಟ್ಟೆ ಪಕ್ಕ ಇಟ್ಟಿದ್ರಲ್ಲ. ಇಪ್ಪತ್ತಮೂರು ಎ!”

ಡಾಕ್ಟರ ಮಗಳು ದೊಡ್ಡಮ್ಮನ ಊರು ಎಂದದ್ದು ಸುಳ್ಳು. ಅಳಿಯಂದಿರು ಒಬ್ಬನೇ ಬಂದೆ ಎಂದದ್ದೂ ಸುಳ್ಳು. ಗಂಡನ ಜೇಬಿನ ಬೀಗದ ಕೈ ಹೆಂಡತಿಯ ಕೈ ಸೇರಿ, ಹಿಂಬಾಗಿಲಿನಿಂದ ಇಳಿದು, ಟ್ಯಾಕ್ಸಿ ಹತ್ತಿ, ಎಂಟು ನಲವತ್ತಕ್ಕೆ ಗ್ರಂಥಾಲಯ ತಲುಪಿತ್ತು. ಅಕ್ಕನ ಲೆಕ್ಕ ಒಂದು ನಿಮಿಷವೂ ತಪ್ಪಿರಲಿಲ್ಲ. ಇಳಿದ ಮನುಷ್ಯ ಮಾತ್ರ ಬೇರೆ.

“ಹಾಗಾದ್ರೆ ಅವಳು ನಮ್ಮನ್ನ ಕರೆದಿದ್ದು ಯಾಕೆ?” ಎಂದೆ. “ಯಾರಾದ್ರೂ ಮೈಮೇಲೆ ತಾವೇ ಎಳ್ಕೋತಾರಾ?”

“ಅವಳಿಗೆ ಬೇಕಾಗಿದ್ದು ನನ್ನ ಲೆಕ್ಕ ಕಣೋ,” ಎಂದಳು ಅಕ್ಕ. ಅವಳ ದನಿ ಈಗ ಬಹಳ ಮೆತ್ತಗಿತ್ತು. “ವಿಮಾನ ಬೇಗ ಇಳಿದಿದ್ದು ಇವತ್ತಲ್ಲ ನಾಳೆ ಯಾರಿಗಾದ್ರೂ ಗೊತ್ತಾಗೇ ಆಗುತ್ತೆ. ಅಷ್ಟರಲ್ಲಿ, ಇಳಿದ್ರೂ ಬಾಗ್ಲು ತೆಗೆದಿರಲಿಲ್ಲ, ಕೀ ಬರೋದು ಸಾಧ್ಯವೇ ಇರಲಿಲ್ಲ ಅಂತ ನನ್ನ ಕೈಯಿಂದಲೇ ಬರೆಸಿ ಮುದ್ರೆ ಒತ್ತಿಸ್ಕೊಂಡ್ರೆ? ಬೈಂಡರಮ್ಮನ ಮನೆಯವರೇ ಆದ ನಾವೇ ಬರೆದುಕೊಟ್ರೆ? ಆಮೇಲೆ ಯಾರು ಕೇಳ್ತಾರೆ?” ಅವಳು ಫೋನಿನ ಕಡೆ ಬಾಗಿದಳು. “ಲೋ ಗೂಟ, ಇದೀಯಾ? ಆ ಚೀಟಿ ಜೋಪಾನ ಮಾಡು. ಅದರ ನಕಲು ನಂಗೆ ಬೇಕು. ಯಾರನ್ನ ಕೇಳ್ಬೇಕು, ಯಾವ ಅರ್ಜಿ ಹಾಕ್ಬೇಕು, ಹೇಳು, ಬರ್ಕೋತೀನಿ.”

ನಾನು ಅಷ್ಟರಲ್ಲಿ ಮೆಟ್ಟಿಲ ಮೇಲಿದ್ದೆ. ಮಧ್ಯಾಹ್ನ ಆ ಹೆಂಗಸು ಕಾರು ಹತ್ತಿ ಬಂದದ್ದು ಇಲ್ಲಿಗೇ ತಾನೇ?

*

ಬೈಂಡರಮ್ಮ ಕಿಟಕಿಯ ಪಕ್ಕ ಕೂತು ಯಾವುದೋ ಪುಸ್ತಕದ ರಟ್ಟಿಗೆ ಅಂಟು ಸವರುತ್ತಿದ್ದರು. ಮುಖದಲ್ಲಿ ಮೂರು ದಿನದಿಂದ ಕಾಣದ ನೆಮ್ಮದಿ.

“ಬನ್ನಿ. ಏನಾಯ್ತು? ಒಪ್ಕೊಂಡ್ರಾ?”

“ಡಾಕ್ಟರ ಮಗಳು ಬಂದಿದ್ಲಾ?”

“ಬಂದಿದ್ಲಲ್ಲ. ಅರ್ಧ ಗಂಟೆ ಕೂತು ಹೋದ್ಲು. ಎಷ್ಟು ಒಳ್ಳೆ ಹುಡುಗಿ! ನಂಗೋಸ್ಕರ ಒಂದು ಶಾಲು ತಂದಿದ್ಲು. ನಾಳೆ ಸಮಿತಿ ಮುಗಿದ್ಮೇಲೇ ಬಿಚ್ಚಿ ನೋಡ್ಬೇಕು, ಅದಕ್ಕೆ ಮುಂಚೆ ಬಿಚ್ಚಬಾರದು ಅಂತ ಆಣೆ ಬೇರೆ ಹಾಕಿಸ್ಕೊಂಡ್ಲು.”

“ಎಲ್ಲಿದೆ?”

ಅವರು ಬೆರಳು ತೋರಿಸಿದ ಕಡೆ, ಮಂಚದ ತಲೆದಿಂಬಿನ ಪಕ್ಕ, ಬಣ್ಣದ ಕಾಗದ ಸುತ್ತಿದ ಪೊಟ್ಟಣವಿತ್ತು. ನಾನು ಎತ್ತಿಕೊಂಡೆ. ಶಾಲಿಗೆ ಇಷ್ಟು ತೂಕ ಇರುವುದಿಲ್ಲ.

“ಅಯ್ಯೋ, ಬಿಚ್ಬೇಡಿ! ಆಣೆ ಹಾಕಿದೀನಿ.”

“ನಾನು ಹಾಕಿಲ್ಲ,” ಎಂದು ಕಾಗದ ಹರಿದೆ.

ಉಣ್ಣೆಯ ಶಾಲು ಜಾರಿ ಮಂಚದ ಮೇಲೆ ಬಿತ್ತು. ಕೈಯಲ್ಲಿ ಉಳಿದದ್ದು ಸವೆದ ಕಂದು ರಟ್ಟಿನ ಉದ್ದನೆಯ ಪುಸ್ತಕ, ಬೆನ್ನಿಗೆ ಬೈಂಡರಮ್ಮ ಹಾಕಿದ ಹೊಸ ಹೊಲಿಗೆ. ಮೊದಲ ಪುಟದಲ್ಲಿ ಪೆನ್ಸಿಲಿನ ಅಕ್ಷರ, ದೂರ, ಗಂಟೆ, ಗಾಳಿ.

ಬೈಂಡರಮ್ಮ ಕುರ್ಚಿಯಿಂದ ಎದ್ದರು. ಅಂಟಿನ ಬ್ರಷ್ಷು ನೆಲಕ್ಕೆ ಬಿತ್ತು. ಅವರ ಮುಖದ ನೆಮ್ಮದಿ ಹೋದದ್ದನ್ನು ನಾನು ಕಣ್ಣಾರೆ ಕಂಡೆ. ಅಷ್ಟು ಸಂಕಟ ನನಗೆ ನನ್ನ ಸ್ವಂತ ಕಷ್ಟದಲ್ಲೂ ಆಗಿರಲಿಲ್ಲ.

ಕೆಳಗೆ ಬೀದಿಯಲ್ಲಿ ಗಾಡಿ ನಿಂತ ಸದ್ದು. ಬಾಗಿಲುಗಳು ಧಡಧಡ ಮುಚ್ಚಿದವು. ಹೊರಗಿನ ಮೆಟ್ಟಿಲು ನೇರ ಈ ಕೋಣೆಗೇ ಬರುತ್ತದೆ. ಬೂಟಿನ ಹೆಜ್ಜೆ ಎರಡು ಜೊತೆ, ಹಿಂದೆ ಹಗುರವಾದ ಇನ್ನೊಂದು.

“ಬೈಂಡರಮ್ಮ, ಬಾಗ್ಲು ತೆಗೀರಿ,” ಎಂದಿತು ಡಾಕ್ಟರ ಮಗಳ ದನಿ, ಅಳು ತುಂಬಿಕೊಂಡು. “ಪೊಲೀಸ್ನ ನಾನು ಕರೆದಿಲ್ಲ, ನಮ್ಮೆಜಮಾನ್ರು ಕಂಪ್ಲೇಂಟ್ ಕೊಟ್ಬಿಟ್ಟಿದಾರೆ. ಸುಮ್ನೆ ಒಂದ್ಸಲ ಕೋಣೆ ನೋಡ್ಕೊಂಡು ಹೋಗ್ತಾರಂತೆ. ಹೆದರ್ಬೇಡಿ.”

ಬೈಂಡರಮ್ಮ ನನ್ನ ಮುಂದೆ ಕೈ ಚಾಚಿದರು. “ಕೊಡಿ ಇಲ್ಲಿ,” ಎಂದರು, ಪಿಸುದನಿಯಲ್ಲಿ. “ನಿಮ್ಮ ಕೈಯಲ್ಲಿ ಬೇಡ. ನೀವು ಯಾಕೆ ಸಿಕ್ಕಿಹಾಕ್ಕೋತೀರಿ?”

ಆ ಮಾತಿಗೆ ನನ್ನ ಬುದ್ಧಿ ಪೂರ್ತಿ ಕೈಕೊಟ್ಟಿತು. ನಾಲ್ಕು ವರ್ಷದಿಂದ ಹೇಳದೆ ಉಳಿದ ಮಾತು ಬೇರೆ ವೇಷ ಹಾಕಿಕೊಂಡು ಬಾಯಿಗೆ ಬಂತು. ನಾನು ಹೋಗಿ ಚಿಲಕ ತೆಗೆದೆ.

ಮುಂದೆ ಇನ್ಸ್‌ಪೆಕ್ಟರು, ಪಕ್ಕದಲ್ಲಿ ಒಬ್ಬ ಪೇದೆ, ಅವರ ಹೆಗಲಾಚೆ ಕಣ್ಣೊರೆಸಿಕೊಳ್ಳುತ್ತಿದ್ದ ಡಾಕ್ಟರ ಮಗಳು. ಎಲ್ಲರ ಕಣ್ಣೂ ನನ್ನ ಕೈಯಲ್ಲಿದ್ದ ಪುಸ್ತಕದ ಮೇಲೆ ಬಿತ್ತು.

“ಹುಡುಕೋದು ಬೇಡ ಸಾರ್,” ಎಂದೆ. “ಇಲ್ಲಿದೆ. ತೆಗೆದಿದ್ದು ನಾನೇ. ಈಯಮ್ಮನಿಗೂ ಇದಕ್ಕೂ ಸಂಬಂಧ ಇಲ್ಲ.”

ಕಣ್ಣೊರೆಸುತ್ತಿದ್ದ ಕೈ ಅಲ್ಲೇ ನಿಂತಿತು. ಇಂಥ ಉತ್ತರ ಅವಳ ಲೆಕ್ಕದಲ್ಲಿ ಇರಲಿಲ್ಲ. ನನಗೆ ಎದೆಯುಬ್ಬಿತು. ಅಷ್ಟರಲ್ಲಿ ಒಳಮೆಟ್ಟಿಲು ಹತ್ತಿ ಬಂದ ಅಕ್ಕ, ಫೋನು ಹಿಡಿದ ಕೈಯಿಂದಲೇ ಹಣೆ ಚಚ್ಚಿಕೊಂಡಳು.

“ಲೋ, ಬಾಯಿ ಮುಚ್ಚೋ! ಏನಂದೆ ಅಂತ ಗೊತ್ತಾ ನಿಂಗೆ?”

ಇನ್ಸ್‌ಪೆಕ್ಟರು ಅವಸರ ಮಾಡಲಿಲ್ಲ. ಪುಸ್ತಕ ತೆಗೆದುಕೊಂಡರು, ಒಂದೆರಡು ಪುಟ ಮಗುಚಿದರು, ಪೇದೆಯ ಕೈಗೆ ಕೊಟ್ಟರು. ಆಮೇಲೆ ಬಹಳ ಮರ್ಯಾದೆಯಿಂದ, ಹಳೆಯ ಪ್ಯಾಸೆಂಜರು ಕಂಡಕ್ಟರನ್ನು ಕೇಳುವ ಹಾಗೆ, ನನ್ನನ್ನು ಕೇಳಿದರು.

“ಸರಿ ಯಜಮಾನ್ರೇ. ನೀವೇ ತೆಗೆದಿರಿ ಅಂತಲೇ ಇಟ್ಕೊಳ್ಳೋಣ. ಬೀರು ಬೀಗ ಒಡೆದಿಲ್ಲ. ಒಂದು ಕೀ ವಿಮಾನದಲ್ಲಿತ್ತು. ಹಾಗಾದ್ರೆ ನಿಮಗೆ ಕೀ ಕೊಟ್ಟವರು ಯಾರು?”

ಕೋಣೆಯಲ್ಲಿದ್ದವರೆಲ್ಲ ಒಟ್ಟಿಗೆ ಬೈಂಡರಮ್ಮನ ಸೊಂಟದಲ್ಲಿದ್ದ ಬೀಗದ ಕೈಯ ಕಡೆ ತಿರುಗಿ ನೋಡಿದರು.